ಸೋರುವ ಜಾಗ ಒಂದು, ಒಡೆದ ಹೆಂಚು ಇನ್ನೊಂದು

"ಫಸ್ಟ್ ಹಾಫ್ ಓಕೆ. ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು. ಒಂದು ಹದಿನೈದು ನಿಮಿಷ ಟ್ರಿಮ್ ಮಾಡಿದ್ರೆ ಸೂಪರ್ ಆಗ್ತಿತ್ತು." ಶುಕ್ರವಾರ ಮಧ್ಯಾಹ್ನ ಥಿಯೇಟರ್ ಬಾಗಿಲಲ್ಲಿ ಮೈಕು ಹಿಡಿದು ನಿಂತವರಿಗೆ ಸಿಗುವ ಮಾತು ಬಹುಪಾಲು ಇದೇ. ಇದನ್ನು ಕೇಳಿಸಿಕೊಂಡ ಚಿತ್ರತಂಡದಲ್ಲಿ ಒಬ್ಬರು ‘ಇವರಿಗೇನು ಗೊತ್ತು’ ಎಂದು ತಳ್ಳಿಹಾಕುತ್ತಾರೆ. ಇನ್ನೊಬ್ಬರು ಅವತ್ತೇ ರಾತ್ರಿ ಎಡಿಟರ್‌ಗೆ ಫೋನ್ ಮಾಡಿ ಲೆಕ್ಕ ಹಿಡಿದು ಹದಿನೈದು ನಿಮಿಷ ಕತ್ತರಿಸಲು ಹೇಳುತ್ತಾರೆ. ಇಬ್ಬರೂ ಎಡವುತ್ತಾರೆ.

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು, ನೀರು ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹೆಂಚು ಎಷ್ಟೋ ಸಲ ಸರಿಯಾಗೇ ಇರುತ್ತದೆ. ಒಡೆದದ್ದು ನಾಲ್ಕು ಅಡಿ ಮೇಲೆ. ನೀರು ಹೆಂಚಿನ ಕೆಳಗಿನ ಮರದ ಪಕಾಸಿಯ ಗುಂಟ ಜಾರಿ ಬಂದು ಇಲ್ಲಿ ಬೀಳುತ್ತದೆ. ಪ್ರೇಕ್ಷಕ ಬೆರಳು ಮಾಡುವುದು ತೊಟ್ಟಿಕ್ಕುವ ಜಾಗಕ್ಕೆ. ಅಲ್ಲಿ ಅವನು ತಪ್ಪುವುದು ಅಪರೂಪ. ಯಾಕೆ ಸೋರುತ್ತಿದೆ ಎಂದು ಹೇಳಹೊರಟಾಗ ಮಾತ್ರ ಮಾತು ದಾರಿ ತಪ್ಪುತ್ತದೆ.

ಮೊದಲು ಲ್ಯಾಗನ್ನೇ ನೋಡೋಣ. ಎರಡೂವರೆ ಗಂಟೆಯ ಚಿತ್ರದಲ್ಲಿ ಇಂಟರ್‌ವಲ್ ಬೀಳುವುದು ಹೆಚ್ಚುಕಡಿಮೆ 1 ಗಂಟೆ 15ನೇ ನಿಮಿಷಕ್ಕೆ. ಉತ್ತರಾರ್ಧವೇನೂ ಉದ್ದವಿರುವುದಿಲ್ಲ, ಆದರೂ ಉದ್ದ ಅನ್ನಿಸುತ್ತದೆ. ಇಂಟರ್‌ವಲ್‌ಗೆ ದೊಡ್ಡದೊಂದು ಪ್ರಶ್ನೆ ಎಸೆದು, ಕಾಫಿ ಕುಡಿದು ಬಂದವರಿಗೆ 25 ನಿಮಿಷದ ಫ್ಲ್ಯಾಶ್‌ಬ್ಯಾಕ್ ಬಡಿಸುವುದು ನಮ್ಮಲ್ಲಿ ರೂಢಿ. ಉತ್ತರ ಏನೆಂದು ಪ್ರೇಕ್ಷಕ ಕ್ಯಾಂಟೀನ್ ಸಾಲಿನಲ್ಲೇ ಊಹಿಸಿರುತ್ತಾನೆ. ಫ್ಲ್ಯಾಶ್‌ಬ್ಯಾಕ್ ಮುಗಿದ ಮೇಲೆ ವಿಲನ್ ಅದೇ ವಿಷಯವನ್ನು ತನ್ನ ಬಂಟನಿಗೆ ಹೇಳುತ್ತಾನೆ, ಆಮೇಲೆ ನಾಯಕ ನಾಯಕಿಗೆ ಹೇಳುತ್ತಾನೆ. ಒಂದೇ ಸಂಗತಿ ಮೂರು ಸಲ. ಇದನ್ನು ಹಿಡಿಯಲು ಎಡಿಟಿಂಗ್ ರೂಮಿನಲ್ಲಿ ಒಂದು ಸುಲಭದ ಕೆಲಸ ಮಾಡುತ್ತೇವೆ. ದೃಶ್ಯಕ್ಕೊಂದು ಕಾರ್ಡ್ ಬರೆದು ಗೋಡೆಗೆ ಅಂಟಿಸುವುದು. ಕಾರ್ಡಿನ ಮೇಲೆ ನಡೆದದ್ದನ್ನು ಬರೆಯಬಾರದು, ‘ಇದು ಮುಗಿದಾಗ ಹೊಸದಾಗಿ ಗೊತ್ತಾದದ್ದೇನು’ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಎರಡು ಕಾರ್ಡಿನ ಮೇಲೆ ಒಂದೇ ಸಾಲು ಬಂದರೆ ಒಂದು ದೃಶ್ಯ ಹೋಗಬೇಕು. ಯಾವುದು ಹೋಗಬೇಕೆನ್ನುವುದರ ಮೇಲೆ ಜಗಳ ಶುರುವಾಗುತ್ತದೆ, ಅದು ಬೇರೆ ಮಾತು.

ದೃಶ್ಯ ಉಳಿಸಿಕೊಂಡೂ ಸಮಯ ಉಳಿಸಬಹುದು. ಅಣ್ಣ ತನ್ನ ಸಾಲದ ವಿಷಯ ಹೇಳಲು ತಂಗಿಯ ಮನೆಗೆ ಬರುವ ದೃಶ್ಯ ಅಂದುಕೊಳ್ಳಿ, ಒಟ್ಟು 2 ನಿಮಿಷ 40 ಸೆಕೆಂಡ್. ಬೈಕ್ ನಿಲ್ಲಿಸುವುದು, ಚಪ್ಪಲಿ ಬಿಡುವುದು, ‘ಬಾ ಅಣ್ಣ, ಕಾಫಿ ಮಾಡ್ಲಾ’ ಇಷ್ಟಕ್ಕೆ 35 ಸೆಕೆಂಡ್. ಕೊನೆಯಲ್ಲಿ ‘ಸರಿ ಬರ್ತೀನಿ’ ಅಂದು ಗೇಟು ದಾಟಲು 20 ಸೆಕೆಂಡ್. ಅರ್ಧ ಖಾಲಿಯಾದ ಕಾಫಿ ಲೋಟದಿಂದ ಶುರುಮಾಡಿ, ಸಾಲದ ಮಾತು ಮುಗಿದ 48 ಫ್ರೇಮಿಗೆ, ಅಂದರೆ 2 ಸೆಕೆಂಡಿಗೆ, ತಂಗಿಯ ಮುಖದ ಮೇಲೆ ಕಟ್ ಮಾಡಿದರೆ 50 ಸೆಕೆಂಡ್ ಸಲೀಸಾಗಿ ಉಳಿಯುತ್ತದೆ. ಆದರೆ ರಶಸ್, ಅಂದರೆ ಶೂಟಿಂಗಿನ ಕತ್ತರಿಸದ ತುಣುಕುಗಳನ್ನು, ಸರಿಯಾಗಿ ನೋಡದೆ ಕತ್ತರಿ ಹಾಕುವವರು ಇಲ್ಲೇ ಜಾರುತ್ತಾರೆ. ಆ ನಟ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡಲೋ ಬೇಡವೋ ಎಂಬಂತೆ ಆರು ಸೆಕೆಂಡ್ ನಿಂತಿದ್ದರೆ? ಆ ಆರು ಸೆಕೆಂಡೇ ದೃಶ್ಯ. ಅದು ಹೋದರೆ ಮುಂದೆ ಅವನು ಅಳುವಾಗ ಅಳು ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಪ್ರೇಕ್ಷಕ ‘ಎಮೋಷನ್ ಕನೆಕ್ಟ್ ಆಗ್ಲಿಲ್ಲ, ಆ್ಯಕ್ಟಿಂಗ್ ಓವರ್ ಆಯ್ತು’ ಎಂದು ಬರೆಯುತ್ತಾನೆ. ಬೈಸಿಕೊಳ್ಳುವವನು ನಟ.

ಇದಕ್ಕಿಂತ ಬಿಡಿಸಲು ಕಷ್ಟವಾದ ಲ್ಯಾಗ್ ಇನ್ನೊಂದಿದೆ. 1 ಗಂಟೆ 50ನೇ ನಿಮಿಷದಲ್ಲಿ ತಾಯಿ ಸಾಯುತ್ತಾಳೆ, ನಾಲ್ಕು ನಿಮಿಷದ ಹಾಡು ಬರುತ್ತದೆ, ಹಾಲ್ ತುಂಬ ಮೊಬೈಲ್ ಬೆಳಕು. ಎಲ್ಲರೂ ಹಾಡನ್ನು ಬೈಯುತ್ತಾರೆ. ಗಡಿಯಾರ ಇಟ್ಟು ನೋಡಿದರೆ ಪೂರ್ವಾರ್ಧದ 75 ನಿಮಿಷದಲ್ಲಿ ಆ ತಾಯಿ ತೆರೆಯ ಮೇಲಿದ್ದದ್ದು ಮೂರು ನಿಮಿಷ, ಅದೂ ತಟ್ಟೆಗೆ ಅನ್ನ ಬಡಿಸುತ್ತ. ಹಾಡನ್ನು ಎರಡು ನಿಮಿಷಕ್ಕೆ ಇಳಿಸಿದರೆ ಬೇಸರ ಎರಡು ನಿಮಿಷಕ್ಕೆ ಇಳಿಯುತ್ತದೆ ಅಷ್ಟೇ, ದುಃಖ ಹುಟ್ಟುವುದಿಲ್ಲ. ಇಪ್ಪತ್ತನೇ ನಿಮಿಷದ ಹತ್ತಿರ ತಾಯಿ-ಮಗನ 40 ಸೆಕೆಂಡಿನ ಒಂದು ತುಣುಕು ಸೇರಿಸಿದರೆ ಅದೇ ನಾಲ್ಕು ನಿಮಿಷದ ಹಾಡು ನಿಲ್ಲುತ್ತದೆ. ಚಿತ್ರವನ್ನು ಉದ್ದ ಮಾಡಿ ಲ್ಯಾಗ್ ಕಡಿಮೆ ಮಾಡುವುದು ನಿರ್ಮಾಪಕರಿಗೆ ಒಪ್ಪಿಸಲು ಕಷ್ಟದ ಮಾತು.

ನಿಧಾನ ಎಂದರೆ ಲ್ಯಾಗ್ ಅಲ್ಲ. 2016ರಲ್ಲಿ ತೆರೆಗೆ ಬಂದ ‘ತಿಥಿ’ಯಲ್ಲಿ ವೃತ್ತಿಪರ ನಟರಿಲ್ಲ, ಹಳ್ಳಿಯವರೇ ಪಾತ್ರಧಾರಿಗಳು, ನಡೆಯುವ ಕಾಲು ನಡೆಯುತ್ತಲೇ ಇರುತ್ತದೆ. ಆದರೆ ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೇ ದಿನಕ್ಕೆ ತಿಥಿ ಆಗಬೇಕು. ಆ ಗಡುವು ಪ್ರತಿ ಶಾಟಿನ ಹಿಂದೆ ಗಡಿಯಾರದಂತೆ ಓಡುತ್ತದೆ. ಗಡುವಿಲ್ಲದ ಚಿತ್ರದಲ್ಲಿ ಎರಡು ಸೆಕೆಂಡಿಗೊಂದು ಕಟ್ ಹಾಕಿದರೂ ಆಕಳಿಕೆ ತಪ್ಪುವುದಿಲ್ಲ.

ಬಿಡುಗಡೆಯಾದ ಮೇಲೆ ‘ಪ್ರೇಕ್ಷಕರ ಒತ್ತಾಯದ ಮೇರೆಗೆ 12 ನಿಮಿಷ ಟ್ರಿಮ್’ ಎಂದು ಜಾಹೀರಾತು ಬರುತ್ತದಲ್ಲ, ಅದರ ಹಿಂದಿನ ಕೆಲಸ ಸಣ್ಣದಲ್ಲ. ಸೆನ್ಸಾರ್ ಪತ್ರ ಸಿಕ್ಕ ಚಿತ್ರದಲ್ಲಿ ಏನೇ ಬದಲಾದರೂ ಮಂಡಳಿಗೆ ತಿಳಿಸಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ಚಿತ್ರ ಕತ್ತರಿಸಿದಲ್ಲೆಲ್ಲ ಸಂಭಾಷಣೆ, ಸಂಗೀತ, ಎಫೆಕ್ಟ್ಸ್ ಮೂರೂ ಟ್ರ್ಯಾಕ್ ಕೂಡಿಸಬೇಕು. ಕಷ್ಟ ಸಂಗೀತದ್ದು. ನಿಮಿಷಕ್ಕೆ 90 ಬೀಟಿನ, ನಾಲ್ಕು ಬೀಟಿಗೊಂದು ಆವರ್ತದ ಹಿನ್ನೆಲೆ ಸಂಗೀತವಿದ್ದರೆ ಒಂದು ಆವರ್ತ ಸರಿಯಾಗಿ 64 ಫ್ರೇಮ್. 64, 128, 192 ಹೀಗೆ ಕತ್ತರಿಸಿದರೆ ತಾಳ ನಿಲ್ಲುತ್ತದೆ. ಅವಸರದಲ್ಲಿ 100 ಫ್ರೇಮ್ ತೆಗೆದರೆ ತಾಳ ಎಡವುತ್ತದೆ. ತಾಳದ ಲೆಕ್ಕ ಗೊತ್ತಿಲ್ಲದವನಿಗೂ ‘ಏನೋ ಜಂಪ್ ಆಯ್ತು’ ಎಂದು ತಿಳಿಯುತ್ತದೆ. ಎರಡನೇ ವಾರದಲ್ಲಿ ನೋಡಿದವರು ‘ಎಡಿಟಿಂಗ್ ಸರಿಯಿಲ್ಲ’ ಎನ್ನುವುದಕ್ಕೆ ಇದೂ ಒಂದು ಕಾರಣ.

ಎರಡನೇ ದೊಡ್ಡ ದೂರು: ‘ಬಿಜಿಎಂ ಜಾಸ್ತಿ, ಡೈಲಾಗೇ ಕೇಳ್ಸಲ್ಲ.’ ಬೈಗುಳ ನೇರ ಸಂಗೀತ ನಿರ್ದೇಶಕರ ತಲೆಗೆ. ಆದರೆ ಇಲ್ಲಿ ಆರೋಪಿಗಳು ಮೂವರು: ಸದ್ದುಗಳನ್ನೆಲ್ಲ ಬೆರೆಸುವ ಮಿಕ್ಸಿಂಗು, ಥಿಯೇಟರು, ಮನೆಯ ಟಿವಿ. ಚಿತ್ರಮಂದಿರದಲ್ಲಿ ಮಾತು ಬರುವುದು ಬಹುಮಟ್ಟಿಗೆ ತೆರೆಯ ಹಿಂದಿನ ನಡು ಸ್ಪೀಕರಿನಿಂದ. ಸಂಗೀತ ಮುಖ್ಯವಾಗಿ ಎಡ-ಬಲದಿಂದ, ಸುತ್ತಲಿನಿಂದ. ಮಿಕ್ಸಿಂಗ್ ಮಾಡುವಾಗ ಸೌಂಡ್ ಪ್ರೊಸೆಸರಿನ ವಾಲ್ಯೂಮ್ 7ರಲ್ಲಿರುತ್ತದೆ. ಆಗ ಒಂದೊಂದು ಮುಂಬದಿ ಸ್ಪೀಕರು ಪರೀಕ್ಷೆಯ ಸದ್ದಿಗೆ 85 ಡೆಸಿಬಲ್ ಕೊಡುವಂತೆ ಹೊಂದಿಸಿರುತ್ತಾರೆ. ಎಷ್ಟೋ ಥಿಯೇಟರುಗಳು ಅದನ್ನು 5.5ಕ್ಕೋ 5ಕ್ಕೋ ಇಳಿಸಿ ಓಡಿಸುತ್ತವೆ. ಹಾಗೆ ಇಳಿಸಲು ಕಾರಣ ಅಬ್ಬರದ ಮಿಕ್ಸಿಂಗೇ. 7ರಿಂದ 5.5ಕ್ಕೆ ಬಂದರೆ ಸುಮಾರು 5 ಡೆಸಿಬಲ್ ಕಡಿಮೆ. ಹೊಡೆದಾಟದ ಸದ್ದು ಆಗಲೂ ಕೇಳುತ್ತದೆ, ಪಿಸುಮಾತು ಎಸಿ ಗಾಳಿಯಲ್ಲಿ ಮುಳುಗುತ್ತದೆ. ಇದನ್ನರಿತ ನಿರ್ಮಾಪಕರು ‘ಎಲ್ಲ ಇನ್ನೂ ಜೋರು ಮಾಡಿ’ ಎನ್ನುತ್ತಾರೆ, ಥಿಯೇಟರಿನವರು ಇನ್ನೊಂದು ಗೆರೆ ಇಳಿಸುತ್ತಾರೆ. ಈ ಹಗ್ಗಜಗ್ಗಾಟಕ್ಕೆ ಕೊನೆಯಿಲ್ಲ.

ಯಾರ ತಪ್ಪು ಎಂದು ಪ್ರೇಕ್ಷಕನೇ ಪತ್ತೆ ಹಚ್ಚಬಹುದು. ಸಂಗೀತವೇ ಇಲ್ಲದ ದೃಶ್ಯದಲ್ಲೂ ಮಾತು ಮಂಕಾಗಿದ್ದರೆ ದೋಷ ಥಿಯೇಟರಿನದು, ನಡು ಸ್ಪೀಕರೋ ಪ್ರತಿಧ್ವನಿಯೋ. ಸಂಗೀತ ಬಂದಾಗ ಮಾತ್ರ ಮಾತು ಕಳೆದುಹೋದರೆ ದೋಷ ಮಿಕ್ಸಿಂಗಿನದು: ಮಾತಿನ ವ್ಯಂಜನಗಳು ಸ್ಪಷ್ಟವಾಗುವ 1ರಿಂದ 4 ಕಿಲೋಹರ್ಟ್ಸ್ ಪಟ್ಟಿಯಲ್ಲೇ ವಯಲಿನ್ನೋ ಶಹನಾಯಿಯೋ ಕೂತಿರುತ್ತದೆ. ಆ ಪಟ್ಟಿಯನ್ನು ಸಂಗೀತದಲ್ಲಿ ಮೂರ್ನಾಲ್ಕು ಡೆಸಿಬಲ್ ತಗ್ಗಿಸಿದರೆ ಸಾಕು, ಅಥವಾ ಸಾಲು ಮುಗಿದ ಮೇಲೆ ಪಿಟೀಲು ಎತ್ತಿದರೆ ಸಾಕು. ಥಿಯೇಟರಿನಲ್ಲಿ ಚೆನ್ನಾಗಿದ್ದು ಮನೆಯ ಟಿವಿಯಲ್ಲಿ ಮಾತ್ರ ಕೇಳದಿದ್ದರೆ, ಆರು ಚಾನೆಲ್ಲಿನ ಸದ್ದನ್ನು ಟಿವಿ ತನ್ನ ಎರಡು ಸ್ಪೀಕರಿಗೆ ಹಿಂಡುತ್ತಿದೆ. ಆ್ಯಪಿನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ ನೋಡಿ, ಆಮೇಲೆ ಬೈಯಿರಿ.

ಡಬ್ಬಿಂಗ್ ಚಿತ್ರಗಳ ಬಗೆಗಿನ ‘ತುಟಿ ಕೂಡಲ್ಲ’ ಎಂಬ ದೂರಿನಲ್ಲಿ ಪ್ರೇಕ್ಷಕನ ಕಣ್ಣು ಬಲು ಸೂಕ್ಷ್ಮ. ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದು ಫ್ರೇಮಿಗೆ ಸುಮಾರು 42 ಮಿಲಿಸೆಕೆಂಡ್. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಿದ್ದರೇ ಜನ ಗುರುತಿಸತೊಡಗುತ್ತಾರೆ. ಹಿಂದೆ ಬಿದ್ದರೆ 125ರವರೆಗೆ ಗುರುತಿಸುವುದಿಲ್ಲ. ಸಿಡಿಲು-ಮಿಂಚಿನ ಲೋಕದಲ್ಲಿ ಸದ್ದು ತಡವಾಗುವುದು ನಮಗೆ ಅಭ್ಯಾಸ, ಮೊದಲೇ ಬರುವುದಲ್ಲ. ಡಬ್ಬಿಂಗ್‌ಗೆ ಅಡ್ಡಿ ಮಾಡಬಾರದೆಂಬ 2015ರ ಸ್ಪರ್ಧಾ ಆಯೋಗದ ಆದೇಶದ ನಂತರ ಕನ್ನಡಕ್ಕೆ ಡಬ್ ಆದ ಚಿತ್ರಗಳು ಮೆಲ್ಲಗೆ ಬರತೊಡಗಿದ ಮೇಲೆ ಈ ಕೆಲಸಕ್ಕೆ ಹೊಸ ತಲೆನೋವು ಸೇರಿತು: ಪ, ಬ, ಮ. ಈ ಮೂರಕ್ಕೆ ತುಟಿ ಮುಚ್ಚಲೇಬೇಕು. ತೆಲುಗಿನ ‘ವದ್ದು’ ಎಂಬಲ್ಲಿಗೆ ಕನ್ನಡದ ‘ಬೇಡ’ ಅರ್ಥಕ್ಕೆ ಸರಿ, ಉಚ್ಚಾರಕ್ಕೂ ಎರಡೇ ಅಕ್ಷರ. ಆದರೆ ಕ್ಲೋಸಪ್ಪಿನಲ್ಲಿ ‘ಬೇ’ ಕೇಳಿಸುವಾಗ ತುಟಿ ತೆರೆದೇ ಇರುತ್ತದೆ, ‘ಡ’ ಕೇಳಿಸುವಾಗ ಉಕಾರಕ್ಕೆ ದುಂಡಗಾಗುತ್ತದೆ. ‘ಸಾಕು’ ಎಂದು ಬದಲಿಸಿದರೆ ಎರಡೂ ಕಡೆ ಕೂಡುತ್ತದೆ, ಭಾವವೂ ದೂರ ಹೋಗುವುದಿಲ್ಲ. ವೈಡ್ ಶಾಟಿನಲ್ಲಾದರೆ ‘ಬೇಡ’ವೇ ಇರಲಿ.

‘ಫುಲ್ ಡಾರ್ಕು, ಏನೂ ಕಾಣಲ್ಲ’ ಎಂಬುದನ್ನು ಛಾಯಾಗ್ರಾಹಕರ ಮೇಲೆ ಹಾಕುವ ಮುನ್ನ ಇನ್ನೊಂದು ಪರದೆಯಲ್ಲಿ ನೋಡಬೇಕು. 2ಡಿ ಚಿತ್ರಕ್ಕೆ ತೆರೆಯ ನಡುವೆ 14 ಫುಟ್-ಲ್ಯಾಂಬರ್ಟ್ ಬೆಳಕು ಇರಬೇಕೆಂಬುದು ಮಾನದಂಡ. ಹಳೇ ಲ್ಯಾಂಪು, ತೆಗೆಯದೆ ಬಿಟ್ಟ 3ಡಿ ಫಿಲ್ಟರು, ಮಾಸಿದ ಪರದೆ, ಯಾವುದಿದ್ದರೂ ರಾತ್ರಿಯ ದೃಶ್ಯ ಮಸಿಯಾಗುತ್ತದೆ.

ಇನ್ನು ಹೊಗಳಿಕೆ. ‘ಕ್ಯಾಮೆರಾ ವರ್ಕ್ ಸೂಪರ್’ ಅಂದರೆ ಸಾಮಾನ್ಯವಾಗಿ ಡ್ರೋನಿನಲ್ಲಿ ಘಟ್ಟ ಕಂಡಿದೆ ಎಂದರ್ಥ. ‘ಎಡಿಟಿಂಗ್ ಕ್ರಿಸ್ಪ್’ ಅಂದರೆ ಕಟ್‌ಗಳು ಬೇಗ ಬೇಗ ಬಂದಿವೆ. ಹತ್ತು ಟೇಕಿನಲ್ಲಿ ಯಾವುದನ್ನು ಬಿಟ್ಟರೆಂದು ನೋಡದೆ ಎಡಿಟಿಂಗಿಗೆ ಅಂಕ ಕೊಡುವುದು ಅಷ್ಟು ಸುಲಭವಲ್ಲ, ಪ್ರಶಸ್ತಿ ಸಮಿತಿಗಳಿಗೂ.

ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನದಲ್ಲಿ ಬಲ್ಲ ಎಡಿಟರ್ ತೆರೆ ನೋಡುವುದಿಲ್ಲ, ಪಕ್ಕದ ಗೋಡೆಗೆ ಒರಗಿ ಮುಖಗಳನ್ನು ನೋಡುತ್ತಾನೆ. ಯಾವ ನಿಮಿಷಕ್ಕೆ ಕೆಮ್ಮು, ಯಾವುದಕ್ಕೆ ಮೊಬೈಲು, ಎಲ್ಲಿ ಸೀಟು ಕಿರುಗುಟ್ಟಿತು ಎಂದು ಸಮಯದ ಸಮೇತ ಗುರುತು ಹಾಕಿಕೊಳ್ಳುತ್ತಾನೆ. ಮೂವತ್ತರಲ್ಲಿ ಒಬ್ಬ ಎದ್ದು ಹೋದರೆ ಅದು ಅವನ ಪಾಡು. ಹತ್ತು ಜನ ಒಂದೇ ನಿಮಿಷದಲ್ಲಿ ಅಲುಗಾಡಿದರೆ ಅಲ್ಲಿಂದ ಹಿಂದಕ್ಕೆ ಹುಡುಕುತ್ತ ಹೋಗಬೇಕು. ಆಮೇಲೆ ಕೊಡುವ ಚೀಟಿಯಲ್ಲಿ ‘ಏನು ಬದಲಾಯಿಸಬೇಕು’ ಎಂದು ಕೇಳುವುದಿಲ್ಲ. ಎಲ್ಲಿ ಬೇಜಾರಾಯಿತು, ಎಲ್ಲಿ ಗೊಂದಲವಾಯಿತು, ಯಾವ ಪಾತ್ರದ ಹೆಸರು ನೆನಪಿದೆ, ಇಷ್ಟೇ. ಆ ಮೂರನೆಯದಕ್ಕೆ ಖಾಲಿ ಬಿಟ್ಟ ಚೀಟಿಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಚೀಟಿಯನ್ನು ಕೊನೆಯ ಟೈಟಲ್ ಓಡುತ್ತಿರುವಾಗಲೇ ಕೊಟ್ಟು, ಥಿಯೇಟರಿನೊಳಗೇ ಬರೆಸಿಕೊಳ್ಳಬೇಕು. ಹೊರಗೆ ಟೀ ಕುಡಿಯುತ್ತ ನಿಂತರೆ ಗಟ್ಟಿ ದನಿಯವನೊಬ್ಬನ ಮಾತೇ ಮೂವತ್ತು ಚೀಟಿಯಲ್ಲೂ ಬಂದುಬಿಡುತ್ತದೆ.