ಓದುಗರ ಪ್ರಶ್ನೆ: ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿಸಿದವರು ಮೊದಲ ಸಂಬಳವನ್ನು ಹೇಗೆ ಕೇಳಬೇಕು?

ಪ್ರಶ್ನೆ: ಜಿಎನ್‌ಎಂ ಮುಗಿಸಿದ್ದೇನೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೆಲೆಕ್ಟ್ ಆಗಿದೆ, 18 ಸಾವಿರ ಅಂದಿದ್ದಾರೆ. ನರ್ಸ್‌ಗಳಿಗೆ 20 ಸಾವಿರಕ್ಕಿಂತ ಕಡಿಮೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ ಆದೇಶ ಇದೆಯಲ್ಲ, ಅದನ್ನು ತೋರಿಸಿ ಕೇಳಬಹುದೇ?

ತೋರಿಸಬೇಡಿ. ಪ್ರತಿ ಸಲ ಫಲಿತಾಂಶ ಬಂದ ಮೇಲೆ ಇದೇ ಪ್ರಶ್ನೆ, ಜೊತೆಗೆ ಅದೇ ವಾಟ್ಸ್‌ಆ್ಯಪ್ ಫಾರ್ವರ್ಡ್. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಯಾರ ಸಂಬಳವನ್ನೂ ನಿಗದಿ ಮಾಡಲಿಲ್ಲ. ನರ್ಸ್‌ಗಳ ಸಂಘ ಟಿಎನ್‌ಎಐ ಹಾಕಿದ್ದ ಅರ್ಜಿಯಲ್ಲಿ, ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. 20 ಸಾವಿರದ ಮಾತು ಬಂದದ್ದು ಆ ಸಮಿತಿಯ ವರದಿಯಲ್ಲಿ, ಅದೂ ಶಿಫಾರಸಾಗಿ. ಕೇಂದ್ರ ಅದನ್ನು ರಾಜ್ಯಗಳಿಗೆ ಕಳಿಸಿತು. ರಾಜ್ಯ ಅಧಿಸೂಚನೆ ಹೊರಡಿಸಿದರೆ ಮಾತ್ರ ಅದಕ್ಕೆ ಹಲ್ಲು ಬರುತ್ತದೆ. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಮೇಲೆ, 2018ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಕಾಯ್ದೆಯಡಿ 20 ಸಾವಿರ ಮೂಲವೇತನದ ಅಧಿಸೂಚನೆ ಬಂತು. ಅಲ್ಲಿಯ ಗೆಲುವು ಸರಿಯೇ, ಆದರೆ ಅದು ಕೇರಳದ ಅಧಿಸೂಚನೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಅದನ್ನು ಯಾರೂ ಗಮನಿಸುವುದಿಲ್ಲ. ಸಮಿತಿ 20 ಸಾವಿರ ಎಂದದ್ದು 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಗಳಿಗೆ. 50ರಿಂದ 100 ಹಾಸಿಗೆ ಇದ್ದರೆ ಅದೇ ದರ್ಜೆಯ ಸರ್ಕಾರಿ ನರ್ಸ್ ಸಂಬಳಕ್ಕಿಂತ ಹೆಚ್ಚೆಂದರೆ ಶೇ. 25 ಕಡಿಮೆ, 100 ದಾಟಿದರೆ ಶೇ. 10 ಕಡಿಮೆ, 200 ದಾಟಿದರೆ ಸರಿಸಮ. ಅಂದರೆ ಮುನ್ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಕೂತು "ಸುಪ್ರೀಂ ಕೋರ್ಟ್ 20 ಸಾವಿರ" ಎನ್ನುವವರು, ಇಲ್ಲದ ಆದೇಶದ ಹೆಸರಲ್ಲಿ ಶಿಫಾರಸಿಗಿಂತಲೂ ಕಡಿಮೆ ಕೇಳುತ್ತಿದ್ದಾರೆ! ನೀವು ನೋಡಬೇಕಾದ ಕಾಗದ ನಮ್ಮ ಕಾರ್ಮಿಕ ಇಲಾಖೆಯ ಕನಿಷ್ಠ ವೇತನ ಅಧಿಸೂಚನೆ. ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಹಾಗಾಗಿ ಈ ವರ್ಷದ್ದನ್ನೇ ನೋಡಿ. ಅದಕ್ಕಿಂತ ಕಡಿಮೆ ಕೊಡುವಂತಿಲ್ಲ, ಮಿಕ್ಕಿದ್ದೆಲ್ಲ ಮಾತುಕತೆ.

ಈಗ ನಿಮ್ಮ 18 ಸಾವಿರ. ಗ್ರಾಸ್ಸೋ (ಕಡಿತಕ್ಕೆ ಮುಂಚಿನ ಸಂಬಳ), ಸಿಟಿಸಿಯೋ (ನಿಮ್ಮ ಮೇಲೆ ಆಸ್ಪತ್ರೆ ಮಾಡುವ ಒಟ್ಟು ಖರ್ಚು)? ಗ್ರಾಸ್ ಆಗಿದ್ದು ಬೇಸಿಕ್ 15 ಸಾವಿರ ಇದ್ದರೆ ಪಿಎಫ್‌ಗೆ 1,800, ಇಎಸ್‌ಐ ವಿಮೆಗೆ ಶೇ. 0.75ರಂತೆ 135 ಹೋಗಿ ಕೈಗೆ 16,065. ಸಿಟಿಸಿ ಆಗಿದ್ದರೆ ಆಸ್ಪತ್ರೆಯ ಪಾಲಿನ ಪಿಎಫ್ 1,800 ಮತ್ತು ಶೇ. 3.25ರ ಇಎಸ್‌ಐ ಕೂಡ ಅದರಲ್ಲೇ ಸೇರಿರುತ್ತದೆ. ಆಗ ಗ್ರಾಸ್ 15,700ರ ಸುತ್ತ, ಕೈಗೆ ಸುಮಾರು 13,800. ಹಾಸ್ಟೆಲ್, ಮೆಸ್ ಇನ್ನೂ ಕಳೆದಿಲ್ಲ. ಕರ್ನಾಟಕದಲ್ಲಿ 25 ಸಾವಿರದೊಳಗಿನ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ, ಹಿಡಿದಿದ್ದರೆ ಕೇಳಿ.

ಕೇಳುವ ಹೊತ್ತು, ಸೆಲೆಕ್ಟ್ ಆದ ಮೇಲೆ ಮತ್ತು ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನಿಮ್ಮನ್ನು ಆರಿಸುತ್ತಾರೆ, ದುಡ್ಡು ಮಾತ್ರ ಎಚ್‌ಆರ್ ಕೈಲಿ. "ಸರ್, ಕಡಿತ ಎಲ್ಲ ಹೋಗಿ ತಿಂಗಳಿಗೆ ಕೈಗೆ ಎಷ್ಟು ಬರುತ್ತೆ? ಬ್ರೇಕಪ್ ಕೊಡಿ" ಎಂದು ಶುರು ಮಾಡಿ. ಫ್ರೆಶರ್‌ಗಳ ಮೂಲ ಸಂಬಳ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಇರುವುದರಿಂದ ಅದನ್ನೇ ಜಗ್ಗಾಡಿದರೆ ಸಿಗುವುದು ಕಡಿಮೆ. ಜಗ್ಗುವ ಜಾಗ ಬೇರೆ: ಐಸಿಯು ಅಥವಾ ಆಪರೇಷನ್ ಥಿಯೇಟರ್ ಅಲೊವೆನ್ಸ್, ಒಂದು ನೈಟ್‌ಗೆ ಎಷ್ಟು, ಡಬಲ್ ಡ್ಯೂಟಿಗೆ ದುಡ್ಡೋ ರಜೆಯೋ, ಹಾಸ್ಟೆಲ್ ಕಡಿತ, ಪ್ರೊಬೇಷನ್ ಮುಗಿದ ಮೇಲಿನ ಹೆಚ್ಚಳ. ತುರ್ತು ಜೀವರಕ್ಷಣೆಯ ಬಿಎಲ್‌ಎಸ್ ಸರ್ಟಿಫಿಕೇಟ್ ಇದ್ದರೆ ಆಗಲೇ ಮುಂದಿಡಿ.

ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೈಗೆ ಬಂದಿಲ್ಲವೇ? ಹಾಗಿದ್ದರೆ ನಿಮ್ಮನ್ನು "ಟ್ರೈನಿ" ಎಂದು ಸ್ಟೈಪೆಂಡ್ ಮೇಲೆ ಕೂರಿಸಬಹುದು. ನಂಬರ್ ಬಂದ ತಿಂಗಳಿಂದಲೇ ಸ್ಟಾಫ್ ನರ್ಸ್ ಸಂಬಳ ಎಂದು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಎಚ್‌ಆರ್ ಬದಲಾದ ದಿನ ಮುಗಿಯಿತು. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ತನ್ನಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಎರಡು ವರ್ಷ ಬಿಟ್ಟು ದುಬೈಗೋ ಸೌದಿಗೋ ಹೋಗುವ ಯೋಚನೆ ಇದ್ದರೆ ಆ "ಟ್ರೈನಿ" ಪದ ಸಂಬಳಕ್ಕಿಂತ ದುಬಾರಿಯಾಗಬಹುದು, ಆ ಅವಧಿ ಅನುಭವದ ಲೆಕ್ಕಕ್ಕೆ ಬಾರದೆ ಹೋಗಬಹುದು. ಅಲ್ಲಿನ ಲೈಸೆನ್ಸ್‌ಗೆ ನಿಮ್ಮ ಅನುಭವ ಪತ್ರವನ್ನು ದಾಖಲೆ ಪರಿಶೀಲಿಸುವ ಸಂಸ್ಥೆ ಡೇಟಾಫ್ಲೋದವರು ನೇರ ಆಸ್ಪತ್ರೆಗೇ ಕಳಿಸಿ ಪರಿಶೀಲಿಸುತ್ತಾರೆ. ಪತ್ರದಲ್ಲಿ ಹುದ್ದೆ, ವಿಭಾಗ, ಸೇರಿದ ಮತ್ತು ಬಿಟ್ಟ ತಾರೀಖು, ಫುಲ್‌ಟೈಮ್ ಎಂಬುದು ಸ್ಪಷ್ಟವಾಗಿರಲಿ. ನೋಟಿಸ್ ಪೀರಿಯಡ್ ಪೂರೈಸದೆ ಜಗಳವಾಡಿ ಹೊರಟರೆ ಆ ಪರಿಶೀಲನೆಯ ಮೇಲ್‌ಗೆ ಆಸ್ಪತ್ರೆಯಿಂದ ಉತ್ತರ ಬರುವುದು ತಡವಾಗುತ್ತದೆ, ಫೈಲು ಅಲ್ಲೇ ನಿಲ್ಲುತ್ತದೆ.