ಹಳೇ ಲೆನ್ಸಿನ ಒಳಗೆ ಮುಂಬಯಿ ಮಳೆಗಾಲ

ಮುಂಬಯಿಯಲ್ಲಿ ಹಳೇ ಲೆನ್ಸ್ ಕೊಳ್ಳಲು ಹೊರಟರೆ ಕ್ಯಾಮೆರಾಗಿಂತ ಮೊದಲು ಬೇಕಾದದ್ದು ಟಾರ್ಚ್. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಗ್ರಾಮಫೋನು, ಹಿತ್ತಾಳೆ ಸಾಮಾನುಗಳ ನಡುವೆ ಲೆನ್ಸುಗಳೂ ಇರುತ್ತವೆ. ಹೊರಗಿನಿಂದ ಎಲ್ಲವೂ ಫಳಫಳ. ಅಪರ್ಚರನ್ನು, ಅಂದರೆ ಬೆಳಕು ಹಾದುಹೋಗುವ ಕಿಂಡಿಯನ್ನು, ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಕವಲೊಡೆದು ಹರಡಿದ ಸಣ್ಣ ಬಿಳಿ ಎಳೆಗಳು ಕಂಡರೆ ಅದು ಫಂಗಸ್, ಅಂದರೆ ನಮ್ಮ ಬೂಷ್ಟು. ಗಾಜಿನ ಅಂಚಿನಲ್ಲಿ ಬೆಳ್ಳಿ ಬಣ್ಣದ ಉಂಗುರ ಕಂಡರೆ ಒಳಗೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಟ್ಟಿದೆ. ಮೊದಲನೆಯದನ್ನು ಮನೆಯಲ್ಲೇ ಸರಿಮಾಡಬಹುದು. ಎರಡನೆಯದನ್ನು ಅಲ್ಲೇ ಬಿಟ್ಟು ಬನ್ನಿ.

ಬೂಷ್ಟು ಗಾಜನ್ನು ತಿನ್ನುವುದಿಲ್ಲ. ಅದು ತಿನ್ನುವುದು ಗಾಜಿನ ಮೇಲಿರುವ ಧೂಳು, ಬೆರಳಿನ ಜಿಡ್ಡು, ಒಳಗಿನ ಗ್ರೀಸಿನಿಂದ ಎದ್ದು ಬಂದ ಎಣ್ಣೆಯ ಪೊರೆ. ಕತ್ತಲೆ, ಗಾಳಿ ಆಡದ ಜಾಗ, ಜೊತೆಗೆ ತೇವ ಸಿಕ್ಕಿದರೆ ಸಾಕು. ಸಾಂತಾಕ್ರೂಝಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸರಾಸರಿ 800 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಆ ದಿನಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಪಾಟಿನಲ್ಲಿ ಮುಚ್ಚಿಟ್ಟ ಲೆನ್ಸಿನ ಗತಿ ಏನು? ತೊಂದರೆ ಕೊಡುವುದು ಬೂಷ್ಟಿಗಿಂತ ಹೆಚ್ಚಾಗಿ ಅದು ಹೊರಬಿಡುವ ಆಮ್ಲ. ವರ್ಷಗಟ್ಟಲೆ ಬಿಟ್ಟರೆ ಆ ಆಮ್ಲ ಗಾಜಿನ ಮೇಲಿನ ಲೇಪವನ್ನು ಕೊರೆಯುತ್ತದೆ. ಆಮೇಲೆ ಬೂಷ್ಟನ್ನು ಒರೆಸಿದರೂ ಅದು ಕೂತಿದ್ದ ಗುರುತು ಹೋಗುವುದಿಲ್ಲ.

ಈ ಲೇಪ ಏಕೆ ಮುಖ್ಯ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗಲೋ ಗಾಜಿನಿಂದ ಗಾಳಿಗೆ ಬರುವಾಗಲೋ ಪ್ರತಿ ಸಲ ಸುಮಾರು 4 ಶೇಕಡ ವಾಪಸು ಪುಟಿಯುತ್ತದೆ. ಹೀಲಿಯೋಸ್ 44-2 ಅನ್ನೇ ತೆಗೆದುಕೊಳ್ಳಿ. 58 ಮಿಲಿಮೀಟರಿನ, ಎಫ್/2ರ ಸೋವಿಯತ್ ಲೆನ್ಸ್. 1930ರ ದಶಕದ ಜರ್ಮನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ರಷ್ಯದವರು ಇದರಲ್ಲಿ ಮುಂದುವರಿಸಿದರು. ಇದರಲ್ಲಿ ಆರು ಗಾಜುಗಳಿವೆ. ಎರಡೆರಡನ್ನು ಅಂಟಿಸಿದ ಎರಡು ಜೋಡಿ, ಜೊತೆಗೆ ಎರಡು ಒಂಟಿ. ಒಟ್ಟು ನಾಲ್ಕು ತುಂಡು, ಗಾಳಿಗೆ ತೆರೆದ ಎಂಟು ಮುಖ. ಲೇಪವೇ ಇಲ್ಲದಿದ್ದರೆ ಎಂಟು ಮುಖ ದಾಟುವಷ್ಟರಲ್ಲಿ 28 ಶೇಕಡ ಬೆಳಕು ದಾರಿ ತಪ್ಪಿರುತ್ತದೆ. ತಪ್ಪಿದ ಬೆಳಕೆಲ್ಲ ಸುಮ್ನೆ ಹೊರಗೆ ಹೋಗುವುದಿಲ್ಲ. ಅದರಲ್ಲಿ ಒಂದು ಪಾಲು ಒಳಗೊಳಗೇ ಪುಟಿದು ಕೊನೆಗೆ ಫೋಟೋದ ಮೇಲೆಯೇ ಬೀಳುತ್ತದೆ. ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ, ಬಣ್ಣ ಸಪ್ಪೆಯಾಗುತ್ತದೆ.

1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಇದಕ್ಕೆ ಉಪಾಯ ಕಂಡುಹಿಡಿದರು. ಗಾಜಿನ ಮೇಲೆ ಬೆಳಕಿನ ಅಲೆಯ ಕಾಲುಭಾಗದಷ್ಟು ದಪ್ಪದ ಪಾರದರ್ಶಕ ಪದರ ಕೂರಿಸಿದರೆ, ಪದರದ ಮೇಲಿನಿಂದ ಪುಟಿದ ಅಲೆಯೂ ತಳದಿಂದ ಪುಟಿದ ಅಲೆಯೂ ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತವೆ. ಇದಕ್ಕೆ ಸಾಮಾನ್ಯವಾಗಿ ಬಳಸುವ ಮೆಗ್ನೀಸಿಯಂ ಫ್ಲೋರೈಡಿನ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಕೂದಲಿನ ದಪ್ಪದ ಏಳುನೂರರಲ್ಲಿ ಒಂದು ಪಾಲು. ಇಷ್ಟರಿಂದಲೇ 4 ಶೇಕಡ ಇದ್ದದ್ದು ಸುಮಾರು 1.3ಕ್ಕೆ ಇಳಿಯುತ್ತದೆ. ಎಂಟು ಮುಖಕ್ಕೂ ಲೇಪ ಕೊಟ್ಟರೆ ಒಟ್ಟು ನಷ್ಟ 28ರ ಬದಲು 10 ಶೇಕಡ. ಇಷ್ಟು ತೆಳ್ಳಗಿನ ಪದರವನ್ನು ಟೂತ್‌ಪೇಸ್ಟ್ ಹಾಕಿ ಉಜ್ಜುವವರೂ ಇದ್ದಾರೆ! ಟೂತ್‌ಪೇಸ್ಟಿನಲ್ಲಿ ಇರುವುದೇ ಉಜ್ಜುವ ಪುಡಿ. ಹಲ್ಲಿಗೆ ಸರಿ, ಲೆನ್ಸಿಗೆ ಬೇಡ.

ಬೂಷ್ಟಿಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಗಾಜನ್ನು ಲೋಹದಿಂದ ಬಿಡಿಸಿಕೊಂಡು, ಹತ್ತಿಗೆ ಸ್ವಲ್ಪ ಹಾಕಿ, ಒತ್ತದೆ ನಡುವಿನಿಂದ ಅಂಚಿಗೆ ಸುತ್ತಾಗಿ ಒರೆಸಬೇಕು. ಪ್ರತಿ ಒರೆಸಿಗೂ ಹೊಸ ಹತ್ತಿ. ಒಂದೆರಡು ಧೂಳಿನ ಕಣ ಉಳಿದರೆ ಬಿಟ್ಟುಬಿಡಿ. ಅದು ಫೋಕಸ್‌ನಿಂದ ಎಷ್ಟು ದೂರ ಇರುತ್ತದೆಂದರೆ ಫೋಟೋದಲ್ಲಿ ಕಾಣುವುದೇ ಇಲ್ಲ. ಧೂಳಿಗಿಂತ ಧೂಳು ತೆಗೆಯುವ ಹಟವೇ ಜಾಸ್ತಿ ಲೆನ್ಸುಗಳನ್ನು ಕೊಂದಿದೆ ಎಂದು ನನಗನ್ನಿಸುತ್ತದೆ.

ಗಾಜಿನ ಮಾತು ಇಷ್ಟೇ. ನಿಜವಾದ ಕೆಲಸ ಇರುವುದು ಲೋಹದಲ್ಲಿ.

ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರೊಬ್ಬರು ತಮ್ಮ ತಂದೆಯ ಕಾಲದ ಹೀಲಿಯೋಸನ್ನು ಸರಿಮಾಡಲು ನನಗೆ ತಂದುಕೊಟ್ಟಿದ್ದರು. ಫೋಕಸ್ ರಿಂಗ್ ಕಲ್ಲಿನಂತೆ ಬಿಗಿ. "ತಿರುಗ್ತಾ ಇರ್ಲಿಲ್ಲ ಮಾರಾಯ್ರೆ, ಸ್ವಲ್ಪ ತೆಂಗಿನೆಣ್ಣೆ ಬಿಟ್ಟೆ. ಎರಡು ದಿನ ಚೆಂದ ತಿರುಗಿತು" ಎಂದರು. "ಆಮೇಲೆ?" ಎಂದೆ. "ಆಮೇಲೆ ನಿಮ್ಮ ಹತ್ರ ಬಂದೆ ಅಲ್ವಾ!" ಬಿಚ್ಚಿ ನೋಡಿದರೆ ಒಳಗೆ ಜೇಡಿ ಬಣ್ಣದ ಅಂಟು, ಅಪರ್ಚರಿನ ಕಿಂಡಿಯನ್ನು ಕಿರಿದು ಮಾಡುವ ಎಂಟು ತೆಳು ಬ್ಲೇಡುಗಳ ಮೇಲೂ ಜಿಡ್ಡು.

ಗ್ರೀಸ್ ಎಂದರೆ ಎಣ್ಣೆ, ಮತ್ತು ಆ ಎಣ್ಣೆಯನ್ನು ಹಿಡಿದಿಡುವ ಸಾಬೂನಿನಂಥ ಒಂದು ಗಟ್ಟಿ ವಸ್ತು. ಇಪ್ಪತ್ತು ಮೂವತ್ತು ವರ್ಷ ಕಳೆದಾಗ ಎಣ್ಣೆ ಮೆಲ್ಲಗೆ ಜಾರಿಹೋಗುತ್ತದೆ, ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ರಿಂಗ್ ಬಿಗಿಯಾಗುವುದು ಇದರಿಂದ. ಜಾರಿದ ಎಣ್ಣೆ ಬ್ಲೇಡಿಗೆ ಬಂದು ಕೂರುತ್ತದೆ, ಸ್ವಲ್ಪ ಆವಿಯಾಗಿ ಗಾಜಿನ ಮೇಲೆ ಮಬ್ಬು ಕಟ್ಟುತ್ತದೆ. ಅಂದರೆ ಬಿಗಿಯಾದ ರಿಂಗ್, ಅಂಟಿದ ಬ್ಲೇಡ್, ಮಬ್ಬಾದ ಗಾಜು, ಮೂರಕ್ಕೂ ಮೂಲ ಒಂದೇ. ಮೇಲಿನಿಂದ ಮತ್ತೆ ಎಣ್ಣೆ ಬಿಟ್ಟರೆ ಮೂರೂ ಹೆಚ್ಚುತ್ತವೆ.

ಬ್ಲೇಡಿನ ಮೇಲೆ ಎಣ್ಣೆ ಕಂಡ ಕೂಡಲೇ ಗಾಬರಿ ಬೀಳಬೇಕಿಲ್ಲ. ಹೀಲಿಯೋಸ್ 44-2ರಲ್ಲಿ ಅಪರ್ಚರನ್ನು ಕೈಯಿಂದಲೇ ತಿರುಗಿಸಿ ಮುಚ್ಚುತ್ತೇವೆ, ತೆಳ್ಳಗೆ ಎಣ್ಣೆ ಇದ್ದರೂ ಕೆಲಸ ನಡೆಯುತ್ತದೆ. ಆದರೆ ಶಟರ್ ಒತ್ತಿದ ಕ್ಷಣದಲ್ಲಿ ತಾನೇ ಮುಚ್ಚಿಕೊಳ್ಳುವ ಆಟೋ ಲೆನ್ಸುಗಳಲ್ಲಿ ಬ್ಲೇಡುಗಳನ್ನು ಎಳೆಯುವುದು ಒಂದು ಪುಟ್ಟ ಸ್ಪ್ರಿಂಗ್. ಎಣ್ಣೆಯ ಎಳೆತ ಅದಕ್ಕೆ ಹೆಚ್ಚಾಯಿತು. ಬ್ಲೇಡು ತಡವಾಗಿ ಮುಚ್ಚಿದರೆ ಫೋಟೋಗೆ ಬೆಳಕು ಜಾಸ್ತಿಯಾಗುತ್ತದೆ.

ತೆಂಗಿನೆಣ್ಣೆಯ ಲೆನ್ಸಿನಲ್ಲಿ ಬ್ಲೇಡುಗಳನ್ನು ಒಂದೊಂದಾಗಿ ಹೊರತೆಗೆದು ಲೈಟರ್ ಫ್ಲೂಯಿಡಿನಲ್ಲಿ ತೊಳೆಯಬೇಕಾಯಿತು. (ಅದು ಭಗ್ ಎಂದು ಹತ್ತಿಕೊಳ್ಳುವ ದ್ರವ. ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಬೇಡ, ಕಿಟಕಿ ತೆರೆದಿರಲಿ.) ಪ್ರತಿ ಬ್ಲೇಡಿಗೂ ಎರಡು ತುದಿಯಲ್ಲಿ ಎರಡು ಪುಟ್ಟ ಮೊಳೆ, ಒಂದು ಮೇಲ್ಮುಖ, ಒಂದು ಕೆಳಮುಖ. ಒಂದು ಸ್ಥಿರವಾದ ತೂತಿನಲ್ಲಿ ಕೂರುತ್ತದೆ, ಇನ್ನೊಂದು ತಿರುಗುವ ರಿಂಗಿನ ಸೀಳಿನಲ್ಲಿ ಓಡಾಡುತ್ತದೆ. ಏಳು ಬ್ಲೇಡ್ ಸುಲಭ. ಎಂಟನೆಯದು ಏಳನೆಯದರ ಮೇಲೆಯೂ ಮೊದಲನೆಯದರ ಕೆಳಗೂ ಇರಬೇಕು. ರಟ್ಟಿನ ಡಬ್ಬದ ನಾಲ್ಕು ಕಿವಿಗಳನ್ನು ಟೇಪಿಲ್ಲದೆ ಮುಚ್ಚುವಾಗ ಕೊನೆಯ ಕಿವಿಯನ್ನು ಮೊದಲನೆಯದರ ಅಡಿಗೆ ತೂರಿಸುತ್ತೇವಲ್ಲ, ಥೇಟ್ ಹಾಗೆ. ಫ್ಯಾನ್ ಆರಿಸಿರಬೇಕು. ಉಸಿರೂ ಸ್ವಲ್ಪ ಬಿಗಿಹಿಡಿದಿದ್ದರೆ ಒಳ್ಳೆಯದು.

ಸ್ಕ್ರೂಡ್ರೈವರಿನ ಬಗ್ಗೆ ಒಂದೇ ಮಾತು. ಜಪಾನಿನ ಹಳೇ ಲೆನ್ಸುಗಳಲ್ಲಿ ಪ್ಲಸ್ ಆಕಾರದ ಸ್ಕ್ರೂ ಕಂಡರೆ ಅದು ಮಾಮೂಲಿ ಫಿಲಿಪ್ಸ್ ಅಲ್ಲ, ಜಪಾನಿನದೇ ಮಾನದಂಡದ ಜೆಐಎಸ್. ಫಿಲಿಪ್ಸ್ ಹಾಕಿ ತಿರುಗಿಸಿದರೆ ತುದಿ ಪೂರ್ತಿ ಕೂರದೆ ಮೇಲೆದ್ದು ಸ್ಕ್ರೂ ತಲೆಯನ್ನೇ ಸವೆಸಿಬಿಡುತ್ತದೆ.

ಈಗ ಹೆಲಿಕಾಯಿಡ್. ಫೋಕಸ್ ರಿಂಗನ್ನು ತಿರುಗಿಸಿದಾಗ ಗಾಜನ್ನು ಹಿಂದೆ ಮುಂದೆ ಒಯ್ಯುವ ದಪ್ಪ ಥ್ರೆಡ್‌ಗಳ ಜೋಡಿ ಇದು. ಮನೆಯಲ್ಲಿ ಬಿಚ್ಚಿದವರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. 58 ಮಿಲಿಮೀಟರ್ ಲೆನ್ಸನ್ನು ಬಹುದೂರದಿಂದ ಲೆನ್ಸಿನ ಅರ್ಧ ಮೀಟರ್ ಹತ್ತಿರಕ್ಕೆ ಫೋಕಸ್ ಮಾಡಲು ಗಾಜು ಸುಮಾರು 7.6 ಮಿಲಿಮೀಟರ್ ಮುಂದೆ ಹೋಗಬೇಕು. ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸಾಗುವ ಮಾಮೂಲಿ ಥ್ರೆಡ್ ಆಗಿದ್ದರೆ ಏಳೂವರೆ ಸುತ್ತು ತಿರುಗಿಸಬೇಕಿತ್ತು. ಅಷ್ಟರಲ್ಲಿ ಮದುಮಗ ತಾಳಿ ಕಟ್ಟಿ ಮುಗಿಸಿರುತ್ತಾನೆ. ಅದಕ್ಕೇ ಹೆಲಿಕಾಯಿಡಿನಲ್ಲಿ ಕಡಿದಾದ ಥ್ರೆಡ್‌ಗಳನ್ನು ಪಕ್ಕಪಕ್ಕದಲ್ಲಿ ಹಲವು ಕೊರೆದಿರುತ್ತಾರೆ. ಒಂದು ಸುತ್ತೂ ಬೇಕಾಗುವುದಿಲ್ಲ. ಆದರೆ ಹಲವು ಥ್ರೆಡ್ ಎಂದರೆ ಹಲವು ಬಾಗಿಲು. ಎಲ್ಲ ಬಾಗಿಲಲ್ಲೂ ಲೋಹ ನುಣ್ಣಗೆ ಒಳಗೆ ಹೋಗುತ್ತದೆ, ಸರಿಯಾದದ್ದು ಮಾತ್ರ ಒಂದೇ. ಹಾಗಾಗಿ ಬಿಡಿಸುವಾಗ ತೀರಾ ನಿಧಾನವಾಗಿ ತಿರುಗಿಸಿ, ಎರಡು ಭಾಗ ಕೈಗೆ ಬಿಡಿಯಾಗಿ ಬರುವ ಜಾಗದಲ್ಲಿ ಸೂಜಿಯಿಂದ ಎರಡರ ಮೇಲೂ ಗೆರೆ ಎಳೆಯಬೇಕು. ಮೊಬೈಲಿನಲ್ಲಿ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ಹಳೇ ಗ್ರೀಸ್ ಪೂರ್ತಿ ತೊಳೆದು, ಹೊಸದನ್ನು ಥ್ರೆಡ್‌ಗೆ ತೆಳ್ಳಗೆ ಸವರಿದರೆ ಸಾಕು. ಜಾಸ್ತಿ ಹಾಕಿದ್ದು ಮತ್ತೆ ಬ್ಲೇಡಿಗೇ ಬರುತ್ತದೆ.

ಜೋಡಿಸಿದ ಮೇಲೆ ಇನ್ಫಿನಿಟಿ, ಅಂದರೆ ಬಹುದೂರದ ಫೋಕಸ್, ಸರಿ ಇದೆಯೇ ನೋಡಬೇಕು. ಎದುರು ಕಟ್ಟಡದ ಬಾಲ್ಕನಿಯನ್ನು ನೋಡಿ ಇನ್ಫಿನಿಟಿ ಹೊಂದಿಸಬೇಡಿ. 100 ಮೀಟರ್ ದೂರದ ವಸ್ತುವಿಗೂ ನಿಜವಾದ ಇನ್ಫಿನಿಟಿಗೂ ಈ ಲೆನ್ಸಿನಲ್ಲಿ 0.034 ಮಿಲಿಮೀಟರ್ ವ್ಯತ್ಯಾಸ, ಕೂದಲಿನ ಅರ್ಧ ದಪ್ಪ. ಅಷ್ಟು ತಪ್ಪಿದರೂ ಅಪರ್ಚರ್ ಪೂರ್ತಿ ತೆರೆದಾಗ ದೂರದ್ದು ಮಸುಕಾಗುವುದು ಕಾಣುತ್ತದೆ. ನಾನು ಡೊಂಬಿವಲಿಯ ಟೆರೇಸಿನಿಂದ ಮಲಂಗಗಡವನ್ನು ಹಿಡಿಯುತ್ತೇನೆ. ಸುಮಾರು 15 ಕಿಲೋಮೀಟರ್ ದೂರದ ಬೆಟ್ಟ. ಅಲ್ಲಿಗೆ ಉಳಿಯುವ ವ್ಯತ್ಯಾಸ ಬೆಳಕಿನ ಒಂದು ಅಲೆಗಿಂತಲೂ ಕಡಿಮೆ. ಇನ್ಫಿನಿಟಿ ಪರೀಕ್ಷಿಸಲು ಪ್ರಯೋಗಶಾಲೆಯಲ್ಲಿ ಬಳಸುವ ಕಾಲಿಮೇಟರ್ ಎಂಬ ಸಾಧನ ಮಾಡುವ ಕೆಲಸವನ್ನು ಆ ಬೆಟ್ಟ ಪುಕ್ಕಟೆ ಮಾಡಿಕೊಡುತ್ತದೆ, ಮೋಡ ಇಲ್ಲದಿದ್ದರೆ.

ಇದನ್ನು ಮಿರರ್‌ಲೆಸ್ ಕ್ಯಾಮೆರಾದಲ್ಲಿ ನೋಡುವವರಿಗೆ ಒಂದು ಮಾತು. ಹೀಲಿಯೋಸ್ 44-2ರಂತೆ 42 ಮಿಲಿಮೀಟರ್ ಅಗಲದ ಥ್ರೆಡ್‌ನಿಂದ ಕ್ಯಾಮೆರಾಗೆ ಕೂರುವ ಎಂ42 ಲೆನ್ಸುಗಳಿಗೆ ಲೆನ್ಸಿನ ಬುಡದಿಂದ ಫಿಲ್ಮಿಗೆ 45.46 ಮಿಲಿಮೀಟರ್ ಬೇಕು. ಸೋನಿಯ ಇ-ಮೌಂಟ್ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಇರುವುದು 18. ಉಳಿದ 27.46 ಮಿಲಿಮೀಟರನ್ನು ಅಡಾಪ್ಟರ್ ತುಂಬಬೇಕು. ಅಗ್ಗದ ಅಡಾಪ್ಟರುಗಳು ಸ್ವಲ್ಪ ಗಿಡ್ಡ ಇರುವುದು ಮಾಮೂಲು. ಮೊದಲು ಯಾರೂ ಬಿಚ್ಚದ ಒಂದು ಲೆನ್ಸನ್ನು ಅದೇ ಅಡಾಪ್ಟರಿಗೆ ಹಾಕಿ ನೋಡಿ. ಇಲ್ಲದಿದ್ದರೆ ಅಡಾಪ್ಟರಿನ ತಪ್ಪನ್ನು ಲೆನ್ಸಿನಲ್ಲಿ ತಿದ್ದುತ್ತಾ ಕೂರುತ್ತೀರಿ.

ಗಾಜು ಹಳದಿಯಾಗಿದ್ದರೆ ಅದು ಬೇರೆಯೇ ಕಥೆ. ಸೂಪರ್ ಟಾಕುಮಾರ್ 50 ಮಿಲಿಮೀಟರ್ ಎಫ್/1.4ರಂಥ ಕೆಲವು ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದೆ. ಅದರ ವಿಕಿರಣದಿಂದ ಗಾಜು ವರ್ಷ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಬಿಚ್ಚುವುದೇ ಬೇಡ. ನೇರಳಾತೀತ ಕಿರಣ ಬಿದ್ದರೆ ಹಳದಿ ಇಳಿಯುತ್ತದೆ, ಕೆಲವು ದಿನ ಬಿಸಿಲಿಗಿಟ್ಟರೆ ಆಯಿತು. ಒಂದು ತುದಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿರಲಿ, ಇಲ್ಲದಿದ್ದರೆ ಬಿಸಿಲು ಒಟ್ಟುಗೂಡಿ ಟೇಬಲ್ ಕ್ಲಾತ್ ಸುಟ್ಟೀತು.

ಹೋಟೆಲಿನವರಿಗೆ ಲೆನ್ಸ್ ವಾಪಸು ಕೊಡುವಾಗ, ಗಾಳಿ ಹೋಗದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಲು ಹೇಳಿದೆ. ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಹಾಕಿ ತೇವವನ್ನು 40ರಿಂದ 50 ಶೇಕಡದೊಳಗೆ ಇಟ್ಟರೆ ಬೂಷ್ಟು ಬೆಳೆಯುವುದಿಲ್ಲ. ಜೆಲ್ ತೇವ ಹೀರಿ ಮುಗಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. "ತಂದೆಯವರ ಲೆದರ್ ಕೇಸ್ ಉಂಟಲ್ಲ, ಅದರಲ್ಲೇ ಇಡ್ತೇನೆ" ಎಂದರು. ಬೇಡ ಎಂದೆ. ಚರ್ಮ ತೇವ ಹಿಡಿದಿಡುತ್ತದೆ, ಬೂಷ್ಟಿಗೆ ಅದೇ ಊಟ. ಕೇಸನ್ನು ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ್ದಾರೆ, ಲೆನ್ಸ್ ಡಬ್ಬಿಯಲ್ಲಿದೆ.