ಫ್ಲೂ ಲಸಿಕೆ ಹಾಕಿಸಿದ ರಾತ್ರಿಯೇ ಜ್ವರ: ಎರಡನೇ ಡೋಸ್ ಬಿಡಬಹುದೇ?

ಪ್ರಶ್ನೆ: ಒಂಬತ್ತು ತಿಂಗಳ ಮಗನಿಗೆ ಮೊದಲ ಸಲ ಫ್ಲೂ ಲಸಿಕೆ ಹಾಕಿಸಿದೆವು. ಅದೇ ರಾತ್ರಿ ಮೈ ಸುಡುತ್ತಿತ್ತು, ಬೆಳಗಿನವರೆಗೂ ಒಂದೇ ಅಳು. ಲಸಿಕೆಯಿಂದಲೇ ಫ್ಲೂ ಬಂತೇ? ಎರಡನೇ ಡೋಸ್ ಬೇಡವೇ ಬೇಡ ಅನ್ನುತ್ತಿದ್ದಾರೆ ಅತ್ತೆ.

ಉತ್ತರ: ಇಲ್ಲ, ಬಂದದ್ದು ಫ್ಲೂ ಅಲ್ಲ. ಸೂಜಿಯಲ್ಲಿ ಕೊಡುವ ಈ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಮಗುವಿನ ಮೈ ಹೊಸದೊಂದನ್ನು ಗುರುತಿಸಿ ಎದುರಿಸಲು ಕಲಿಯುವಾಗ ಬರುವ ಜ್ವರ ಅದು. ತೊಡೆ ಕೆಂಪಾಗಿ ಊದುವುದು, ಲಂಗೋಟಿ ಬದಲಿಸುವಾಗ ಕಾಲು ಮುಟ್ಟಿದರೆ ಚೀರುವುದು, ಹಾಲು ಬೇಡ ಎನ್ನುವುದು, ಮಂಕಾಗಿ ಮಲಗುವುದು ಎಲ್ಲವೂ ಸಾಮಾನ್ಯ. ಹೆಚ್ಚಾಗಿ ಒಂದೆರಡು ದಿನದಲ್ಲಿ ಇಳಿದುಹೋಗುತ್ತವೆ.

ಪದೇ ಪದೇ ಎದೆಹಾಲು ಕೊಡಿ, ತೆಳು ಬಟ್ಟೆ ಹಾಕಿ, ಊದಿದ ಜಾಗಕ್ಕೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಇಡಿ. ಉಜ್ಜಬೇಡಿ. ಮಗು ಸಂಕಟಪಡುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ತೂಕ ನೋಡಿ ವೈದ್ಯರು ಹೇಳಿದಷ್ಟೇ. ಇಲ್ಲೊಂದು ಎಚ್ಚರಿಕೆ: ಡ್ರಾಪ್ಸ್‌ನ 1 ಎಂಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಿ ಇರುತ್ತದೆ, ಸಿರಪ್‌ನಲ್ಲಿ 5 ಎಂಎಲ್‌ಗೆ 125 ಅಥವಾ 250. ಸಿರಪ್‌ನ ಲೆಕ್ಕದಲ್ಲಿ ಡ್ರಾಪ್ಸ್ ಕೊಟ್ಟರೆ ಅಪಾಯ. ನಡುರಾತ್ರಿಯಾದರೂ ದೀಪ ಹಾಕಿ ಬಾಟಲಿಯ ಲೇಬಲ್ ಓದಿ. ಆಸ್ಪಿರಿನ್ ಮಾತ್ರ ಕೊಡಲೇಬೇಡಿ.

ಮೈತುಂಬ ದದ್ದು, ಮುಖ ಊತ, ಉಸಿರಾಟಕ್ಕೆ ಕಷ್ಟ ತೀರಾ ಅಪರೂಪ. ಬಂದರೆ ಬಹುತೇಕ ನಿಮಿಷಗಳಲ್ಲೇ ಬರುತ್ತವೆ. ಲಸಿಕೆಯಾದ ಮೇಲೆ ಕ್ಲಿನಿಕ್‌ನಲ್ಲೇ ಸ್ವಲ್ಪ ಹೊತ್ತು ಕೂರಿಸುವುದು ಇದಕ್ಕೇ. ಮನೆಗೆ ಬಂದ ಮೇಲೆ ಇವು ಕಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಅತ್ತೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಬ್ರ್ಯಾಂಡ್‌ನ ಫ್ಲೂ ಲಸಿಕೆ ಪಡೆದ ಪುಟ್ಟ ಮಕ್ಕಳಲ್ಲಿ ಜ್ವರದ ಫಿಟ್ಸ್ ಹೆಚ್ಚಾಗಿ ಕಂಡಿತು. ಏಪ್ರಿಲ್‌ನಲ್ಲೇ ಐದು ವರ್ಷದೊಳಗಿನವರಿಗೆ ಫ್ಲೂ ಲಸಿಕೆ ನಿಲ್ಲಿಸಿ ತನಿಖೆ ಮಾಡಿದರು. ದೋಷ ಆ ಬ್ರ್ಯಾಂಡ್ ತಯಾರಾದ ರೀತಿಯಲ್ಲಿತ್ತು. ಬೇರೆ ಬ್ರ್ಯಾಂಡ್‌ಗಳಲ್ಲಿ ಆ ಏರಿಕೆ ಇರಲಿಲ್ಲವಾದ್ದರಿಂದ ಅವನ್ನು ಮತ್ತೆ ಕೊಡತೊಡಗಿದರು.

ಹಾಗಾಗಿ ಎರಡನೇ ಡೋಸ್ ಬಿಡಬೇಡಿ. ಫ್ಲೂ ವೈರಸ್ಸನ್ನು ಕಂಡೇ ಇರದ ಎಳೆ ಮೈಗೆ ಮೊದಲ ಡೋಸ್ ಪರಿಚಯವಷ್ಟೇ; ನಾಲ್ಕು ವಾರದ ನಂತರದ್ದು ಸೇರಿದರೇ ರಕ್ಷಣೆ ಗಟ್ಟಿಯಾಗುತ್ತದೆ. ಮುಂದಿನ ವರ್ಷದಿಂದ ವರ್ಷಕ್ಕೊಂದು ಸಾಕು. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಹೆಚ್ಚು, ಜೂನ್‌ಗೆ ಮೊದಲೇ ಎರಡೂ ಮುಗಿದಿದ್ದರೆ ಒಳ್ಳೆಯದು. ಹೋದಾಗ ಈ ಸಲದ ಜ್ವರ ಎಷ್ಟಿತ್ತು, ಎಷ್ಟು ಹೊತ್ತು ಇತ್ತು ಎಂದು ವೈದ್ಯರಿಗೆ ಮೊದಲೇ ಹೇಳಿ.